ಕ್ಯಾನ್ಸರ್ ಮಾತ್ರೆಯ ಜೊತೆಗೆ ಗ್ಯಾಸ್ಟ್ರಿಕ್ ಮಾತ್ರೆ

ಪ್ರಶ್ನೆ: ನಮ್ಮ ತಾಯಿಯವರಿಗೆ 61 ವರ್ಷ. ಶ್ವಾಸಕೋಶದ ಕ್ಯಾನ್ಸರ್‌ಗಾಗಿ, ಇಜಿಎಫ್‌ಆರ್ ಜೀನ್‌ನಲ್ಲಿ ಬದಲಾವಣೆ ಇದೆಯೇ ಎಂದು ನೋಡುವ ಪರೀಕ್ಷೆ ಪಾಸಿಟಿವ್ ಬಂದ ಮೇಲೆ, ದಿನಕ್ಕೊಂದು ಜೆಫಿಟಿನಿಬ್ 250 ಮಿಲಿಗ್ರಾಂ ಮಾತ್ರೆ ಕೊಟ್ಟಿದ್ದಾರೆ. ಹೊಟ್ಟೆಯುರಿಗೆಂದು ಮೊದಲಿನಿಂದಲೂ ನುಂಗುತ್ತಿದ್ದ ಪ್ಯಾಂಟೊಪ್ರಜೋಲನ್ನೂ ಅದರೊಂದಿಗೇ ತೆಗೆದುಕೊಳ್ಳುತ್ತಾರೆ. ಈಗ ಮುಖದಲ್ಲಿ ಗುಳ್ಳೆಗಳೆದ್ದಿವೆ, ಆಗಾಗ ಭೇದಿಯಾಗುತ್ತಿದೆ. ಮಾತ್ರೆ ನಿಲ್ಲಿಸಬೇಕೆ? ಒಂದು ದಿನ ಮರೆತರೆ ಮರುದಿನ ಎರಡು ಕೊಡಬಹುದೆ?
– ಹೆಸರು ಬೇಡ, ಹಾಸನ

ಉತ್ತರ: ನೀವು ಕೇಳಿರುವ ಎರಡು ಪ್ರಶ್ನೆಗಳಿಗಿಂತ, ಕೇಳದೆ ಹೇಳಿಬಿಟ್ಟಿರುವ ಸಂಗತಿಯೇ ನನಗೆ ಹೆಚ್ಚು ಗಂಭೀರವಾಗಿ ಕಾಣುತ್ತದೆ. ಜೆಫಿಟಿನಿಬ್ ಕರಗಿ ರಕ್ತ ಸೇರಬೇಕಾದರೆ ಜಠರದಲ್ಲಿ ಆಮ್ಲ ಇರಬೇಕು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ಗಳು ಆ ಆಮ್ಲವನ್ನೇ ದಿನವಿಡೀ ಕುಗ್ಗಿಸುತ್ತವೆ. ಹೀಗಾಗಿ, ತಪ್ಪದೆ ನುಂಗಿದ ಮಾತ್ರೆಯೂ ದೇಹಕ್ಕೆ ಪೂರ್ತಿ ದಕ್ಕದೆ ಹೋಗಬಹುದು. ಇದನ್ನು ಮುಂದಿನ ಭೇಟಿಯವರೆಗೆ ಕಾಯಿಸದೆ, ಫೋನ್ ಮಾಡಿಯಾದರೂ ಕ್ಯಾನ್ಸರ್ ವೈದ್ಯರಿಗೆ ತಿಳಿಸಿ. ಪ್ಯಾಂಟೊಪ್ರಜೋಲ್ ಬೇಡವೆಂದು ಅವರು ನಿಲ್ಲಿಸಬಹುದು. ಬೇಕೇಬೇಕೆಂದಾದರೆ ಎರಡು ಮಾತ್ರೆಗಳ ನಡುವೆ 12 ಗಂಟೆಗಳ ಅಂತರವಿರಬೇಕು. ಫ್ಯಾಮೋಟಿಡಿನ್‌ನಂಥ ಮಾತ್ರೆಗೂ, ಆ್ಯಂಟಾಸಿಡ್ ಸಿರಪ್‌ಗೂ 6 ಗಂಟೆಗಳ ಅಂತರ ಸಾಕು. ನೋವಿನ ಮಾತ್ರೆ ಬರೆದಾಗಲೆಲ್ಲ ಜೊತೆಗೊಂದು ಗ್ಯಾಸ್ಟ್ರಿಕ್ ಮಾತ್ರೆ ಬರೆಯುವುದು ನಮ್ಮಲ್ಲಿ ರೂಢಿಯಾಗಿರುವುದರಿಂದ, ಬೇರೆ ಯಾವ ವೈದ್ಯರ ಬಳಿ ಹೋದರೂ ಜೆಫಿಟಿನಿಬ್ ವಿಷಯವನ್ನು ಮೊದಲೇ ಹೇಳಬೇಕು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗದ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್ ಕೂಡ ಜೆಫಿಟಿನಿಬ್‌ನ ಪ್ರಮಾಣವನ್ನು ಇಳಿಸುತ್ತವೆ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುವುದರಿಂದ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತಿಳಿಸುವ ಐಎನ್‌ಆರ್ ಪರೀಕ್ಷೆಯನ್ನು ಆಗಾಗ ಮಾಡಿಸಬೇಕು. ಊಟಕ್ಕೆ ಮುಂಚೆಯೋ ನಂತರವೋ ಎಂಬ ನಿರ್ಬಂಧ ಈ ಮಾತ್ರೆಗಿಲ್ಲ. ಆದರೆ ಚಕ್ಕೋತ ಹಣ್ಣನ್ನು ಬಿಡುವುದು ಒಳ್ಳೆಯದು.

ಇನ್ನು ಗುಳ್ಳೆಗಳ ವಿಚಾರ. ಈ ಔಷಧ ತಡೆಯುವ ಇಜಿಎಫ್‌ಆರ್ ಎಂಬ ಗ್ರಾಹಕವು (ಬೆಳೆಯಲು ಬರುವ ಸಂಕೇತವನ್ನು ಸ್ವೀಕರಿಸುವ, ಜೀವಕೋಶದ ಮೇಲಿನ ಪ್ರೋಟೀನ್) ಚರ್ಮದಲ್ಲಿಯೂ ಕರುಳಿನಲ್ಲಿಯೂ ಇರುವುದರಿಂದ ಅಲ್ಲಿಯೂ ಪರಿಣಾಮ ಕಾಣಿಸುತ್ತದೆ. ಇವು ಮೊಡವೆಗಳಲ್ಲ, ಮೊಡವೆಯ ಕ್ರೀಮು ಹಚ್ಚಿದರೆ ಚರ್ಮ ಇನ್ನಷ್ಟು ಒಣಗಿ ಉರಿಯುತ್ತದೆ. ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ, ಬಿಸಿಲಿನಲ್ಲಿ ತಲೆಗೆ ಸೆರಗು ಹೊದೆಯಲಿ. ಗುಳ್ಳೆ ಹೆಚ್ಚಾದರೆ ವೈದ್ಯರು ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಕೊಡುವುದುಂಟು. ಭೇದಿಯಾದಾಗ ಓಆರ್‌ಎಸ್ ಕುಡಿಸಿ. ಭೇದಿ ನಿಲ್ಲುವ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ತೊಂದರೆ ತೀವ್ರವಾದರೆ ಜೆಫಿಟಿನಿಬನ್ನು 14 ದಿನಗಳವರೆಗೆ ತಡೆಹಿಡಿದು ಮತ್ತೆ ಶುರು ಮಾಡುವ ಕ್ರಮವಿದೆ, ಆದರೆ ಅದನ್ನು ನಿರ್ಧರಿಸಬೇಕಾದವರು ಅವರೇ. ನೀವಾಗಿಯೇ ನಿಲ್ಲಿಸಬೇಡಿ.

ಇದಕ್ಕೊಂದು ಅಪವಾದವಿದೆ. ಹೊಸದಾಗಿ ಉಸಿರಾಟ ಕಷ್ಟವಾದರೆ, ಅಥವಾ ಒಣಕೆಮ್ಮು, ಜ್ವರ ಏಕಾಏಕಿ ಹೆಚ್ಚಿದರೆ, ಅದು ಔಷಧದಿಂದಲೇ ಶ್ವಾಸಕೋಶ ಊದಿಕೊಂಡಿರುವುದರ ಲಕ್ಷಣವಿರಬಹುದು. ಅಂಥ ಸಂದರ್ಭದಲ್ಲಿ ಮುಂದಿನ ಮಾತ್ರೆ ಕೊಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಕಣ್ಣು ಕೆಂಪಾಗಿ ನೋಯುವುದು, ಕಣ್ಣು ಹಳದಿಯಾಗುವುದು, ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು ಕಂಡರೆ ಅದೇ ದಿನ ವೈದ್ಯರಿಗೆ ತಿಳಿಸಿ.

ಮರೆತ ಮಾತ್ರೆಯನ್ನು ನೆನಪಾದ ಕೂಡಲೇ ಕೊಡಬಹುದು. ಮುಂದಿನ ಮಾತ್ರೆಗೆ 12 ಗಂಟೆಗಿಂತ ಕಡಿಮೆ ಸಮಯ ಉಳಿದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಯಾವ ಕಾರಣಕ್ಕೂ ಒಟ್ಟಿಗೆ ಎರಡು ಕೊಡಬಾರದು.