ಕೊರಿಯನ್ನರಿಗೆ ‘ಇಂಪ್ಲೈ’ ಹೇಗೆ ಹೇಳಿಕೊಡೋದು?

ಕೊರಿಯನ್ ವಿದ್ಯಾರ್ಥಿಗೆ ಇಂಗ್ಲಿಷಿನ ‘ಇಂಪ್ಲೈ’ (ಬಾಯಿಬಿಟ್ಟು ಹೇಳದೆ ಸೂಚಿಸೋದು) ಹೇಗೆ ಅರ್ಥ ಮಾಡಿಸೋದು ಅಂತ ಕೇಳಿದ್ದೀರಿ. ಅವರ ನಿಘಂಟಿನಲ್ಲಿ ಇದಕ್ಕೆ ‘ಅಮ್ಸಿಹಾದ’ ಅಂತ ಇರುತ್ತದೆ. ಅಷ್ಟೇ ಬಾಯಿಪಾಠ ಮಾಡಿದರೆ ಸಾಲದು.

ಒಂದು ಮಾತುಕತೆ ಕೊಡಿ. ಮ್ಯಾನೇಜರ್ ‘ರಿಪೋರ್ಟ್ ಶುಕ್ರವಾರ ಮುಗಿಯುತ್ತಾ?’ ಅಂತ ಕೇಳುತ್ತಾರೆ, ಅವರ ಕೈಕೆಳಗಿನ ನೌಕರ ‘ಶುಕ್ರವಾರ ನಾನು ರಜೆ’ ಅನ್ನುತ್ತಾನೆ. ಆಗಲ್ಲ ಅಂತ ಬಾಯಿಬಿಟ್ಟು ಹೇಳಲೇ ಇಲ್ಲ, ಆದರೂ ಗೊತ್ತಾಯ್ತು ಅಲ್ವಾ? ನೌಕರ ಮಾಡಿದ್ದು ಇಂಪ್ಲೈ, ಮ್ಯಾನೇಜರ್ ಮಾಡಿದ್ದು ಇನ್ಫರ್, ಅಂದರೆ ಹೇಳದೇ ಇದ್ದದ್ದನ್ನ ಊಹಿಸಿಕೊಂಡಿದ್ದು. ಕೊರಿಯಾದಲ್ಲಿ ಕೆಲಸಕ್ಕೆ ಅರ್ಜಿ ಹಾಕುವವರು ಬರೆಯುವ ಟೋಯಿಕ್ ಅನ್ನೋ ಇಂಗ್ಲಿಷ್ ಪರೀಕ್ಷೆಯಲ್ಲೂ ಇಂಥದ್ದೇ ಪ್ರಶ್ನೆ ಬರುತ್ತದೆ, ಹಾಗಾಗಿ ಅವರು ಆಸಕ್ತಿಯಿಂದ ಕೇಳುತ್ತಾರೆ.

ಸುತ್ತಿಬಳಸಿ ಮಾತಾಡೋದಕ್ಕೆ ಅವರಲ್ಲಿ ‘ದೊಲ್ಯೊ ಮಲ್ಹಾದ’ ಅನ್ನುತ್ತಾರೆ. ಇದಕ್ಕೂ ಇಂಪ್ಲೈಗೂ ಗಂಟು ಹಾಕಬೇಡಿ. ಅದು ಬೇಕಂತಲೇ ಮಾಡುವ ಕೆಲಸ, ಇಂಪ್ಲೈ ಆಗೋಕೆ ಉದ್ದೇಶವೂ ಬೇಡ, ಮನುಷ್ಯನೂ ಬೇಡ: ಒಂದು ಅಂಕಿಅಂಶ, ಕೊನೆಗೆ ಸುಮ್ನೆ ಇರೋದು ಕೂಡ ಏನನ್ನೋ ಇಂಪ್ಲೈ ಮಾಡಬಹುದು.

ಜಾಸ್ತಿ ಎಡವೋದು ವಾಕ್ಯದಲ್ಲಿ. ‘ಟೋಲ್ಡ್ ಮಿ’ ಅಭ್ಯಾಸವಾಗಿ ‘ಹಿ ಇಂಪ್ಲೈಡ್ ಮಿ ದಟ್’ ಅಂದುಬಿಡುತ್ತಾರೆ. ಅದು ತಪ್ಪು. ‘ಹಿ ಇಂಪ್ಲೈಡ್ ದಟ್’ ಸಾಕು, ಯಾರಿಗೆ ಅಂತ ಹೇಳಲೇಬೇಕಿದ್ದರೆ ‘ಟು ಮಿ’ ಸೇರಿಸಬೇಕು. ‘ಆರ್ ಯು ಇಂಪ್ಲೈಯಿಂಗ್...’ ಅಂತ ಶುರುವಾಗುವ ಪ್ರಶ್ನೆ ಜಗಳಕ್ಕೆ ಬಂದ ಹಾಗೆ ಕೇಳಿಸುತ್ತದೆ, ಬಾಸ್ ಹತ್ತಿರ ಬೇಡ ಅಂತ ಮೊದಲೇ ಹೇಳಿಬಿಡಿ.

ಉಚ್ಚಾರಣೆನೂ ನೋಡಿ. ಕೊರಿಯನ್ ಲಿಪಿ ಹಂಗುಲ್‌ನಲ್ಲಿ ಬರೆದರೆ ‘ಇಮ್-ಪುಲ್-ಲಾ-ಇ’ ಅಂತ ನಾಲ್ಕು ತುಂಡಾಗುತ್ತದೆ. ಇಂಗ್ಲಿಷಿನಲ್ಲಿ ಎರಡೇ, ಒತ್ತು ‘ಪ್ಲೈ’ ಮೇಲೆ.