ಮೈಕ್ರೋಲೆನ್ಸಿನ ಅಂಚು ಹೋಲೋಗ್ರಾಂನಲ್ಲಿ ಯಾಕೆ ಕೆಡುತ್ತದೆ?

ಡಿಜಿಟಲ್ ಹೋಲೋಗ್ರಾಫಿಕ್ ಮೈಕ್ರೋಸ್ಕೋಪಿನಲ್ಲಿ ಪುಟ್ಟ ಲೆನ್ಸನ್ನು ಅಳೆದರೆ ನಡುಭಾಗ ನಯವಾಗಿ ಬರುತ್ತದೆ, ಅಂಚು ಮಾತ್ರ ಹರಿದ ಕಾಗದದ ಹಾಗೆ ಕಾಣುತ್ತದೆ, ಯಾಕೆ ಅಂತ ಕೇಳಿದ್ದೀರಿ. ಇದರ ಜೊತೆ ನಾನೂ ಒದ್ದಾಡಿದ್ದೇನೆ.

ಈ ಉಪಕರಣ ಎತ್ತರವನ್ನು ನೇರವಾಗಿ ನೋಡುವುದಿಲ್ಲ. ಲೇಸರನ್ನು ಎರಡಾಗಿ ಮಾಡಿ, ಒಂದನ್ನು ಲೆನ್ಸಿನ ಮೂಲಕ ಹಾಯಿಸಿ, ಇನ್ನೊಂದನ್ನು ಸುಮ್ನೆ ಬಿಟ್ಟು, ಎರಡನ್ನೂ ಕ್ಯಾಮೆರಾದ ಮೇಲೆ ಸೇರಿಸುತ್ತದೆ; ಆ ಚಿತ್ರವೇ ಹೋಲೋಗ್ರಾಂ. ಗಾಜು ದಪ್ಪ ಇದ್ದ ಕಡೆ ಬೆಳಕು ಜಾಸ್ತಿ ಹಿಂದೆ ಬೀಳುತ್ತದೆ. ಆ ಹಿಂದುಳಿಕೆಯೇ ಫೇಸ್. ಆದರೆ ಪೂರ್ತಿ ಒಂದು ಅಲೆಯಷ್ಟು ಹಿಂದೆ ಬಿದ್ದರೆ ಲೆಕ್ಕ ಮತ್ತೆ ಸೊನ್ನೆಗೆ ಬರುತ್ತದೆ, ಗಡಿಯಾರದ ಮುಳ್ಳು 12 ದಾಟಿದ ಹಾಗೆ. ಎಷ್ಟು ಸುತ್ತು ಆಯಿತು ಅನ್ನುವುದನ್ನು ಸಾಫ್ಟ್‌ವೇರ್ ಅಕ್ಕಪಕ್ಕದ ಪಿಕ್ಸೆಲ್ ನೋಡಿ ಊಹಿಸಬೇಕು.

632.8 ನ್ಯಾನೋಮೀಟರ್‌ನ ಹೀಲಿಯಂ-ನಿಯಾನ್ ಲೇಸರ್, ಫ್ಯೂಸ್ಡ್ ಸಿಲಿಕಾ ಗಾಜಿನ ಲೆನ್ಸ್ ಅಂದುಕೊಳ್ಳಿ. ಅಗಲ 100 ಮೈಕ್ರಾನ್, ಎತ್ತರ 10. ಗಾಳಿಯಲ್ಲಿ ಸುಮಾರು 1.4 ಮೈಕ್ರಾನ್ ಎತ್ತರಕ್ಕೆ ಒಂದು ಸುತ್ತು; ಪ್ರತಿ ಸುತ್ತೂ ಚಿತ್ರದಲ್ಲಿ ಒಂದು ಉಂಗುರ, ಒಟ್ಟು ಏಳು ಉಂಗುರ. ಏಳೇನು ಜಾಸ್ತಿ ಅಲ್ಲ, ಅಲ್ವಾ? ಆದರೆ ಅವು ಸಮನಾಗಿ ಹಂಚಿಕೊಂಡಿರುವುದಿಲ್ಲ. ನೆತ್ತಿಯ ಮೊದಲ ಉಂಗುರಕ್ಕೆ ನಡುವಿನಿಂದ 19 ಮೈಕ್ರಾನ್ ಜಾಗ ಸಿಗುತ್ತದೆ, ಅಂಚಿನದಕ್ಕೆ ಮೂರು ಚಿಲ್ಲರೆ ಮಾತ್ರ, ಅಂದರೆ ಊಹಿಸಲು ಸಿಗುವ ಪಿಕ್ಸೆಲ್‌ಗಳೂ ಕಡಿಮೆ. ಎರಡು ಕಿರಣಗಳನ್ನು ಸ್ವಲ್ಪ ಓರೆಯಾಗಿ ಸೇರಿಸುವ ಆಫ್-ಆಕ್ಸಿಸ್ ಜೋಡಣೆಯಾದರೆ, ಬೇಕಾದ ಸಂಕೇತವನ್ನು ಬೇರ್ಪಡಿಸುವ ಫೋರಿಯರ್ ಫಿಲ್ಟರ್ ಇನ್ನಷ್ಟು ವಿವರ ನುಂಗುತ್ತದೆ. ಅಲ್ಲಿಗೆ ಸಾಫ್ಟ್‌ವೇರ್ ಒಂದು ಸುತ್ತು ಎಣಿಸಲು ಮರೆಯಿತು ಅಂದರೆ, ಅದರಾಚೆಯ ಎತ್ತರವೆಲ್ಲ ತಪ್ಪು.

ನನಗೆ ಕೆಲಸಕ್ಕೆ ಬಂದ ಉಪಾಯ ಒಂದು ಹನಿ ನೀರು. ಲೆನ್ಸನ್ನು ನೀರಿನಲ್ಲಿ ಮುಳುಗಿಸಿ, ಮೇಲೆ ಕವರ್‌ಸ್ಲಿಪ್ (ತೆಳು ಗಾಜಿನ ಹಾಳೆ) ಇಡಿ. ಗಾಜಿಗೂ ನೀರಿಗೂ ವಕ್ರೀಭವನ ಸೂಚ್ಯಂಕದಲ್ಲಿ ಸುಮಾರು 0.12 ಮಾತ್ರ ವ್ಯತ್ಯಾಸ, ಹಾಗಾಗಿ ಒಂದು ಸುತ್ತಿಗೆ 5 ಮೈಕ್ರಾನ್ ಬೇಕು. ಏಳು ಉಂಗುರ ಎರಡಕ್ಕಿಳಿಯುತ್ತದೆ. ಪುಕ್ಕಟೆ ಏನಲ್ಲ: ಎತ್ತರದ ಲೆಕ್ಕದಲ್ಲಿ ನಾಯ್ಸ್ ಕೂಡ ಮೂರೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಮೇಲ್ಮೈಯ ಒರಟುತನ ಬೇಕಿದ್ದರೆ ಗಾಳಿಯಲ್ಲೇ ಅಳೆಯಿರಿ. ಆಕಾರ ಬೇಕಿದ್ದರೆ ನೀರೇ ಸರಿ.

ಇನ್ನೊಂದು ವಿಷಯ. ನಾನು ಮೊದಲು ಅಳೆದಾಗ ಬರೀ ಚಪ್ಪಟೆ ಸ್ಲೈಡ್ ಕೂಡ ಚೆಂದದ ಲೆನ್ಸ್ ಥರ ಉಬ್ಬಿ ಬಂತು! ಅದು ಮೈಕ್ರೋಸ್ಕೋಪಿನ ಸ್ವಂತ ಲೆನ್ಸಾದ ಆಬ್ಜೆಕ್ಟಿವ್‌ನದೇ ಬಾಗು. ಅದನ್ನು ತೆಗೆಯಲು ಸಾಫ್ಟ್‌ವೇರ್‌ನಲ್ಲಿ 'ಆಟೋ' ಅಂತ ಬಟನ್ ಇದ್ದರೆ ಒತ್ತಬೇಡಿ. ಅದು ಇಡೀ ಚಿತ್ರಕ್ಕೆ ಒಂದು ಪ್ಯಾರಾಬೋಲಾ ಕೂರಿಸಿ ಕಳೆದರೆ ನಿಮ್ಮ ಲೆನ್ಸಿನ ಉಬ್ಬನ್ನೂ ಜೊತೆಗೇ ಕಳೆಯುತ್ತದೆ. ಲೆನ್ಸ್ ಇಲ್ಲದ ಖಾಲಿ ಜಾಗದ ಹೋಲೋಗ್ರಾಂ ಒಂದನ್ನು, ಫೋಕಸ್ ಮುಟ್ಟದೆ, ಅದೇ ನೀರು-ಕವರ್‌ಸ್ಲಿಪ್ ಜೊತೆ ತೆಗೆದು, ಅದನ್ನು ಕಳೆಯಿರಿ.