ಕಾರಿಗೆ ಮನೆ ಪ್ಲಗ್ ಸಾಕಾ?

ಪ್ರಶ್ನೆ: 30 ಯೂನಿಟ್ ಬ್ಯಾಟರಿಯ ಎಲೆಕ್ಟ್ರಿಕ್ ಕಾರು ತಗೊಳ್ತಿದ್ದೇನೆ ಸರ್. ದಿನಾ ಊರೊಳಗೆ ಓಡಾಟ, ಆಗಾಗ ಬೆಂಗಳೂರು. 7.2 ಕಿಲೋವ್ಯಾಟ್ ಚಾರ್ಜರ್ ಹಾಕಿಸಲೇಬೇಕಾ?
– ಓದುಗರು, ತುಮಕೂರು

ಉತ್ತರ: ಬೇಕಿಲ್ಲ. 15 ಆಂಪ್ ಪ್ಲಗ್‌ನಲ್ಲಿ ಸುಮಾರು 3 ಕಿಲೋವ್ಯಾಟ್ ಸಿಗುತ್ತದೆ, ಪೂರ್ತಿ ಖಾಲಿಯಾದ ಬ್ಯಾಟರಿ ತುಂಬಲು ಹತ್ತು ಗಂಟೆಗೂ ಜಾಸ್ತಿ ಹಿಡಿಯಬಹುದು, ಆದರೆ ಊರೊಳಗೆ ಓಡಾಡಿ ದಿನಾ ಯಾರು ಖಾಲಿ ಮಾಡಿಕೊಂಡು ಬರುತ್ತಾರೆ, ಅಲ್ವಾ? ಆದರೂ 7.2 ಬೇಕೆನಿಸಿದರೆ, ಕಾರಿನೊಳಗಿನ ಚಾರ್ಜರ್ ಅಷ್ಟು ಕರೆಂಟ್ ಎಳೆಯುತ್ತದಾ ಅಂತ ಮೊದಲು ಕೇಳಿ. ಅದು 3.3ರದ್ದಾದರೆ ಗೋಡೆಗೆ ದೊಡ್ಡದು ಹಾಕಿಸಿ ಸುಮ್ನೆ ದುಡ್ಡು ದಂಡ. ಮನೆಗೆ ಮಂಜೂರಾದ ಲೋಡ್ (ಒಮ್ಮೆಗೆ ಎಷ್ಟು ಕಿಲೋವ್ಯಾಟ್ ಬಳಸಬಹುದು ಅನ್ನೋ ಮಿತಿ) ಕಡಿಮೆ ಇದ್ದರೆ ಬೆಸ್ಕಾಂಗೆ ಅರ್ಜಿ ಹಾಕಿ ಹೆಚ್ಚಿಸಿಕೊಳ್ಳಬೇಕು. ಯಾವುದೇ ಹಾಕಿಸಿ, ಅರ್ಥಿಂಗ್ ಚೆಕ್ ಮಾಡಿಸಿ, ಮೀಟರ್ ಬೋರ್ಡಿನಿಂದ ಪ್ರತ್ಯೇಕ ವೈರ್ ಎಳೆಸಿ ಎಂಸಿಬಿ (ಲೋಡ್ ಮಿತಿ ಮೀರಿದರೆ ಕರೆಂಟ್ ಕಡಿಯುವ ಸ್ವಿಚ್), ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಕೂರಿಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಮಾತ್ರ ಬೇಡವೇ ಬೇಡ.